ಮಂಗಳಕ್ಕನ ಮೂರನೆಯ ಎಂಟು

ನಮ್ಮೂರಲ್ಲಿ ಯಾರಾದರೂ ಸತ್ತರೆ ಸುದ್ದಿ ತಂದವರು ಬಾಗಿಲಲ್ಲಿ ನಿಂತು ಹೇಳುವುದಿಲ್ಲ. "ಗಾಡಿ ತೆಗೀರಿ, ಹೇಳ್ತೀನಿ" ಎನ್ನುತ್ತಾರೆ. ನೀವು ಚಪ್ಪಲಿ ಮೆಟ್ಟಿಕೊಂಡು, ಬೈಕು ಹೊರಗೆ ತಂದು, ಅವರನ್ನು ಹಿಂದೆ ಕೂರಿಸಿಕೊಂಡ ಮೇಲೆಯೇ ಸತ್ತದ್ದು ಯಾರು ಎಂದು ತಿಳಿಯುವುದು. ದೂರದ ನೆಂಟರಾದರೆ ಗಾಡಿ ಮಾರಿಗುಡಿ ತಿರುವಿನ ತನಕ ಹೋಗುತ್ತದೆ. ಹತ್ತಿರದವರಾದರೆ ಸೀದಾ ಸಾವಿನ ಮನೆಯ ಬಾಗಿಲಿಗೇ. ಅಳುವುದೇನಿದ್ದರೂ ಇಳಿದ ಮೇಲೆ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಮೊದಮೊದಲು ಕಷ್ಟವಾಗುತ್ತದೆ, ಆಮೇಲೆ ಅವರೂ ಹೊಂದಿಕೊಳ್ಳುತ್ತಾರೆ. ನಾನೂ ಹಾಗೆ ಹೊಂದಿಕೊಂಡವಳೇ.

ಗಾಡಿ ಓಡಬೇಕಾದರೆ ಹಿಂದೆ ಕೂತವರು ಮಾತಾಡಬೇಕು, ಆ ಮಾತು ಮುಂದೆ ಕೂತವರಿಗೆ ಗೊತ್ತಿರಬಾರದು. ಗೊತ್ತಿರುವುದನ್ನೇ ಹೇಳಿದಿರೋ, ಗಾಡಿ ಮುನಿಸಿಕೊಂಡ ಅಳಿಯನ ಹಾಗೆ ಕೂತಲ್ಲಿಂದ ಕದಲುವುದಿಲ್ಲ. ಸುಳ್ಳು ಹೇಳಿದರೆ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ನಮ್ಮ ಜನ ಮನೆಯೊಳಗೆ ಬಾಯಿ ಬಿಗಿ ಹಿಡಿದಿರುತ್ತಾರೆ. ಊಟಕ್ಕೆ ಕೂತಾಗ "ಉಪ್ಪು ಈ ಕಡೆ ತಳ್ಳು" ಎನ್ನುವುದರ ಆಚೆಗೆ ಒಂದು ಮಾತೂ ಇಲ್ಲ. ಏನಿದ್ದರೂ ನಾಳೆ ಗಾಡಿಗೆ ಬೇಕಾಗುತ್ತದೆ ಎಂದು ಎತ್ತಿಟ್ಟುಕೊಳ್ಳುತ್ತಾರೆ. ಸಣ್ಣಪುಟ್ಟ ಸುದ್ದಿಗೆ ತರಕಾರಿ ಮಾರ್ಕೆಟ್ಟಿಗೆ ಹೋಗಿಬರಬಹುದು. ಪಕ್ಕದ ಊರಿನ ಕೋರ್ಟಿಗೆ ಹೋಗಬೇಕಾದರೆ ಒಂದು ಹುಡುಗಿಯಾದರೂ ಓಡಿಹೋಗಿರಬೇಕು. ಟ್ಯಾಂಕಿನಲ್ಲಿ ನಾವು ಎಲೆಅಡಿಕೆ, ಟವೆಲು ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಗಾಡಿ ತಳ್ಳಿಕೊಂಡು ಹೋಗುವುದರಷ್ಟು ಮಾನ ಕಳೆಯುವ ಕೆಲಸ ಇನ್ನೊಂದಿಲ್ಲ. ತಳ್ಳುತ್ತಿದ್ದಾರೆ ಎಂದರೆ ಆ ಮನೆಯಲ್ಲಿ ಮಾತುಕತೆ ನಿಂತಿದೆ, ಇವರ ಹಿಂದೆ ಕೂತು ಒಂದು ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ ಎಂದು ಅರ್ಥ. ಹೆಣ್ಣು ಕೊಡುವವರು ಕೂಡ ಮೊದಲು ಇದನ್ನೇ ವಿಚಾರಿಸುವುದು.

ನನ್ನ ಹೆಸರು ಸರ್ವಮಂಗಳ, ಊರವರಿಗೆ ಮಂಗಳಕ್ಕ. ನಮ್ಮದು ದೋಸೆ ಹಿಟ್ಟಿನ ವ್ಯಾಪಾರ. ಮನೆ ಇರುವುದು ಕೆಳಪೇಟೆಯಲ್ಲಿ, ಹಿಟ್ಟು ಹೋಗುವುದು ಗುಡ್ಡದ ಮೇಲಿನ ಮೇಲ್ಪೇಟೆಯ ನಲವತ್ತು ಮನೆಗಳಿಗೆ. ಇಪ್ಪತ್ತೇಳು ವರ್ಷ ನಮ್ಮ ಯಜಮಾನರು ಸಿದ್ದಲಿಂಗಪ್ಪನವರು ಬೈಕು ಓಡಿಸಿದರು, ಎರಡೂ ಕಡೆ ಹಿಟ್ಟಿನ ಕ್ಯಾನು ನೇತುಹಾಕಿಕೊಂಡು ಹಿಂದೆ ಕೂತು ನಾನು ಮಾತಾಡಿದೆ. ಒಂದು ಮನೆಯ ಬಾಗಿಲಲ್ಲಿ ಹಿಟ್ಟು ಅಳೆದು ಕೊಡುವಾಗ ಸಿಕ್ಕಿದ ಸುದ್ದಿಯಿಂದ ಮುಂದಿನ ಮನೆ ತಲುಪುತ್ತಿದ್ದೆವು. ಹೀಗೆ ದಿನಕ್ಕೆ ನಲವತ್ತು ಮನೆ. ಈ ಊರಲ್ಲಿ ಯಾರ ಮನೆಯ ಕುಕ್ಕರಿನ ಸೀಟಿ ಕೆಟ್ಟಿದೆ ಎಂಬುದರಿಂದ ಹಿಡಿದು ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಇದನ್ನು ನಾನು ಜಂಬದಿಂದ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ.

ಯಜಮಾನರು ಮಾತ್ರ ಇಪ್ಪತ್ತೇಳು ವರ್ಷದಲ್ಲಿ ಆಡಿದ್ದು ಒಂದೇ ಮಾತು, "ಹೂಂ". ಮುಂದೆ ಕೂತವರ ಮಾತಿಗೆ ಗಾಡಿ ಓಡುವುದಿಲ್ಲವಾದ್ದರಿಂದ ಅವರು ಮಾತಾಡಲೇಬೇಕೆಂದು ಯಾರೂ ಕೇಳಲಿಲ್ಲ. ಮನೆಯಲ್ಲಂತೂ ಯಾರೂ ಮಾತಾಡುವುದಿಲ್ಲ. ಆ ಮನುಷ್ಯನಿಗೆ ಹೊಟ್ಟೆಯೊಳಗೆ ಹೇಳುವಂಥದ್ದು ಏನೂ ಇಲ್ಲ, ದೇವರು ಅವರನ್ನು ಹಾಗೆಯೇ ಕಳಿಸಿದ್ದಾನೆ ಎಂದು ನಾನು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದೆ.

ಹೋದ ವರ್ಷ ಅವರ ಕಣ್ಣು ಕೈಕೊಟ್ಟಿತು. ದೊಡ್ಡಪೇಟೆ ನಡುವೆ ಮಲಗಿದ್ದ ಎಮ್ಮೆಯನ್ನು ರಸ್ತೆ ಉಬ್ಬು ಎಂದುಕೊಂಡು ನಿಧಾನವಾಗಿ ಹತ್ತಿಸಲು ಹೋದರು. ಎಮ್ಮೆಗೆ ಏನೂ ಆಗಲಿಲ್ಲ, ಎದ್ದು ನಿಂತಿತು ಅಷ್ಟೆ. ನಾವು ಮೂವರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು, ಎಮ್ಮೆ ಕೆಳಗೆ, ಬೈಕು ಮೇಲೆ, ಹಿಟ್ಟು ಎಲ್ಲ ಕಡೆ. ಕಣ್ಣಿನ ಡಾಕ್ಟರು ಇದು ನರದ ತೊಂದರೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು. ಲೈಸೆನ್ಸ್ ಆಫೀಸಿನವರು ಅವರ ಲೈಸೆನ್ಸು ವಾಪಸು ತೆಗೆದುಕೊಂಡರು.

ಆಮೇಲೆ ನಾನು ಕ್ಯಾನು ಸೊಂಟಕ್ಕಿಟ್ಟುಕೊಂಡು ಗುಡ್ಡ ಹತ್ತತೊಡಗಿದೆ. ಒಂದು ಸಲಕ್ಕೆ ಎರಡೇ ಕ್ಯಾನು, ದಿನಕ್ಕೆ ಐದು ಸಲ. ಕೊನೆಯ ಸಲ ಮೇಲೆ ತಲುಪುವ ಹೊತ್ತಿಗೆ ಬಿಸಿಲೇರಿ ಹಿಟ್ಟು ಉಕ್ಕಿ ನನ್ನ ಸೀರೆಯ ಮೇಲಿರುತ್ತಿತ್ತು. ಮೇಲ್ಪೇಟೆಯವರು ಒಳ್ಳೆಯವರು, ಒಂದಷ್ಟು ದಿನ ಸಹಿಸಿಕೊಂಡರು. ಕೊನೆಗೆ ಎಲ್ಲರ ಪರವಾಗಿ ಒಂದು ಮಾತು ಬಂತು. "ದೀಪಾವಳಿ ತನಕ ನೋಡ್ತೀವಿ ಮಂಗಳಕ್ಕ. ಆಮೇಲೂ ಹತ್ತು ಗಂಟೆಗೇ ದೋಸೆ ತಿನ್ಬೇಕು ಅಂದ್ರೆ ನಾವು ಪ್ಯಾಕೆಟ್ ಹಿಟ್ಟಿಗೆ ಹೋಗ್ತೀವಿ." ಪ್ಯಾಕೆಟ್ ಹಿಟ್ಟು ಎಂದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಹೋಗಿ ಎಲ್ಎಲ್ಆರ್ ಮಾಡಿಸಿಕೊಂಡು ಬಂದೆ. ನಾನು ಓಡಿಸುವುದು, ಯಜಮಾನರು ಹಿಂದೆ ಕೂತು ಮನೆಬಾಗಿಲಿಂದ ಸುದ್ದಿ ತರುವುದು ಎಂದು ಲೆಕ್ಕ ಹಾಕಿಕೊಂಡೆ. ಆಗ ನನಗೆ ನಲವತ್ತೊಂಬತ್ತು.

ಬ್ಯಾಲೆನ್ಸು ಕಲಿತದ್ದು ಇಳಿಜಾರಿನಲ್ಲಿ. ಯಜಮಾನರ ಹಳೆ ಪ್ಯಾಂಟು ಹಾಕಿಕೊಂಡು, ಅದರ ಮೇಲೆ ಸೀರೆ ಎತ್ತಿ ಕಟ್ಟಿ, ಗುಡ್ಡದ ಅರ್ಧದಿಂದ ಬೈಕು ಬಿಡುತ್ತಿದ್ದೆ. ಎರಡು ಸಲ ಗರಡಿಮನೆಯ ಕಾಂಪೌಂಡಿಗೂ ಒಂದು ಸಲ ಹುಲ್ಲಿನ ಮೆದೆಗೂ ಹೋಗಿ ನುಗ್ಗಿದೆ. ಎರಡು ವಾರದಲ್ಲಿ ಕೈ ಕೂತಿತು. ಬ್ರೇಕು, ಕ್ಲಚ್ಚು, ಕೈ ತೋರಿಸುವುದು ಎಲ್ಲ ಬಂತು. ನಿಜವಾದ ತೊಂದರೆ ಏನೆಂದು ನನಗೆ ಪರೀಕ್ಷೆಯ ದಿನದ ತನಕ ಹೊಳೆದಿರಲಿಲ್ಲ.

ಲೈಸೆನ್ಸ್ ಆಫೀಸಿನ ಹಿಂದಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎಂಟು ಬರೆದಿರುತ್ತಾರೆ. ಕಾಲು ನೆಲಕ್ಕೆ ಊರದೆ ಎಂಟು ಹಾಕಿ, ಆಮೇಲೆ ನೇರ ಬಂದು ಬಿಳಿ ಗೆರೆಯ ಹತ್ತಿರ ನಿಲ್ಲಿಸಬೇಕು. ಇನ್ಸ್‌ಪೆಕ್ಟರ್ ಚಂದ್ರಹಾಸ ಅವರು ಮೇಜು ಹಾಕಿಕೊಂಡು ಕೂತು ಬರೆದುಕೊಳ್ಳುತ್ತಾರೆ. ಮೂರು ಸಲ ಅವಕಾಶ. ಮೂರೂ ಸಲ ಫೇಲಾದರೆ ಏಳು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. ಆಫೀಸಿನ ಗೇಟಿನ ಬಳಿ ಹೊಂಗೆ ಮರದ ಕೆಳಗೆ ಹಿಂದೆ ಕೂರುವ ಕಸುಬಿನವರು ಇರುತ್ತಾರೆ, ಹಿಂದೆ ಕೂರಲು ಮನೆಯ ಜನ ಇಲ್ಲದವರು ಅವರನ್ನು ಕರೆದೊಯ್ಯುವುದು. ನಾನು ಅವರಲ್ಲಿ ಎಲ್ಲರಿಗಿಂತ ಹಳಬನಾದ ಕರಿಯಣ್ಣನನ್ನು ಕೂರಿಸಿಕೊಂಡೆ.

"ಪೋಸ್ಟ್ ಮಾಸ್ಟರ್ ಮನೇಲಿ ಮೊನ್ನೆ ಕುಕ್ಕರ್ ಸಿಡೀತಂತೆ" ಎಂದ ಕರಿಯಣ್ಣ.

"ಕುಕ್ಕರ್ ಅಲ್ಲ ಕಣೋ, ಇಡ್ಲಿ ಪಾತ್ರೆ. ಮೊನ್ನೆ ಅಲ್ಲ, ಸೋಮವಾರ."

ಗಾಡಿ ಕದಲಲಿಲ್ಲ. ಅವನು ಬೇಕೆಂದು ಸುಳ್ಳು ಹೇಳಿರಲಿಲ್ಲ, ಅದಕ್ಕೇ ಹಿಂದಕ್ಕೂ ಹೋಗಲಿಲ್ಲ. ಕರಿಯಣ್ಣ ಗಂಟಲು ಸರಿ ಮಾಡಿಕೊಂಡು ಹೆಡ್‌ಮಾಸ್ಟರ ಎರಡನೆಯ ಸಂಬಂಧಕ್ಕೆ ಕೈ ಹಾಕಿದ. ಆ ಸಂಬಂಧ ಮುರಿದುಬಿದ್ದು ಹದಿನೈದು ದಿನವಾಗಿದೆ, ಈಗ ನಡೆಯುತ್ತಿರುವುದು ಮೂರನೆಯದು ಎಂದು ನಾನು ಹೇಳಬೇಕಾಯಿತು. ಹೀಗೆ ಹನ್ನೆರಡು ಸುದ್ದಿ. ಒಂದೊಂದಕ್ಕೂ ನಾನು ತಿದ್ದುಪಡಿ ಕೊಡುತ್ತಾ ಹೋದೆ. ಇನ್ಸ್‌ಪೆಕ್ಟರು "ಗಾಡಿ ಹೊರಡಲಿಲ್ಲ" ಎಂದು ಬರೆದು ಕಾಗದ ಮಡಚಿದರು. ಕರಿಯಣ್ಣ ಇಳಿದು ನನಗೆ ಕೈಮುಗಿದು, ನನ್ನಿಂದ ಕೇಳಿಸಿಕೊಂಡ ಹನ್ನೆರಡು ತಿದ್ದುಪಡಿಗಳನ್ನೂ ಹೊತ್ತುಕೊಂಡು ಹೋಗಿ ಅವತ್ತು ನಾಲ್ಕು ಜನಕ್ಕೆ ಲೈಸೆನ್ಸು ಕೊಡಿಸಿದ.

ಎಲ್ಲ ಗೊತ್ತಿರುವವಳಿಗೆ ಗಾಡಿ ಓಡಿಸಲು ಆಗುವುದಿಲ್ಲ ಎಂಬುದು ಆಗ ನನಗೆ ಅರ್ಥವಾಯಿತು. ಮನೆಗೆ ಬಂದು ಒಂದು ಚೊಂಬು ನೀರು ಕುಡಿದು ಕೂತೆ. ಇಷ್ಟು ವರ್ಷ ಕೂಡಿಸಿಟ್ಟದ್ದೇ ಕಾಲಿಗೆ ತೊಡರಿತ್ತು.

ಎರಡನೆಯ ಸಲ ನಮ್ಮ ಓರಗಿತ್ತಿ ದಾಕ್ಷಾಯಣಿಯನ್ನು ಕೂರಿಸಿಕೊಂಡೆ. ಅವಳು ತನ್ನ ತವರೂರಿಗೆ ಹೋಗಿ ಒಂದು ವಾರ ಇದ್ದು ಬಂದಿದ್ದಳು, ಅಲ್ಲಿನ ಸುದ್ದಿ ನನಗೆ ತಲುಪಿರಲಿಲ್ಲ. "ನಮ್ಮ ಚಿಕ್ಕಪ್ಪ ಹಲ್ಲು ಕಟ್ಟಿಸ್ಕೊಂಡ್ರು ಅಕ್ಕ" ಎಂದಳು, ಗಾಡಿ ಚಂದವಾಗಿ ಹೊರಟಿತು. "ಕಟ್ಟಿಸ್ಕೊಂಡ ಹಲ್ಲು ಸಾರಿನಲ್ಲಿ ಬಿತ್ತು" ಎಂದಳು, ಮೊದಲ ಸುತ್ತು ಮುಗಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ದಾಕ್ಷಾಯಣಿಗೆ ಯಾವುದನ್ನೂ ಇದ್ದಷ್ಟೇ ಹೇಳಿ ಅಭ್ಯಾಸವಿಲ್ಲ. "ಆ ಸಾರನ್ನ ಅರವತ್ತು ಜನ ಉಂಡ್ರು, ಹಲ್ಲು ಸಿಕ್ಕಿದ್ದು ಎಂಎಲ್ಎ ಎಲೇಲಿ" ಎಂದುಬಿಟ್ಟಳು.

ಬೈಕು ಗಕ್ಕನೆ ನಿಂತು ಹಿಂದಕ್ಕೆ ಹೊರಟಿತು. ನಾನು ಹ್ಯಾಂಡಲ್ ಬಿಡಲಿಲ್ಲ. ಹಿಂದಕ್ಕೆ ಹೋಗುತ್ತಲೇ ಎರಡನೆಯ ಸುತ್ತು ಹಾಕಿದೆ, ಗೆರೆ ದಾಟಲಿಲ್ಲ, ಕಾಲು ಊರಲಿಲ್ಲ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ದಾಕ್ಷಾಯಣಿ ಅದರಿಂದ ಹುರುಪುಗೊಂಡು ಎಂಎಲ್ಎ ಜೊತೆಗೆ ಒಬ್ಬ ಸ್ವಾಮೀಜಿಯನ್ನೂ ಪಂಕ್ತಿಯಲ್ಲಿ ಕೂರಿಸಿದಳು. ನಾವು ಹಿಂದುಹಿಂದಕ್ಕೇ ಹೋಗಿ ಇನ್ಸ್‌ಪೆಕ್ಟರ ಮೇಜನ್ನೂ ಅದರ ಮೇಲಿದ್ದ ಮೊಸರನ್ನದ ಡಬ್ಬಿಯನ್ನೂ ಕೆಡವಿ ನಿಂತೆವು. ಚಂದ್ರಹಾಸ ಅವರು ಅಂಗಿಯ ಮೇಲಿನ ಮೊಸರನ್ನ ಒರೆಸಿಕೊಂಡು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು. "ಹಿಂದಕ್ಕೆ ಎಂಟು ಹಾಕಿದ್ದು ಸೊಗಸಾಗಿದೆ ತಾಯಿ. ಆದ್ರೆ ಅದಕ್ಕೆ ಇದರಲ್ಲಿ ಕಾಲಂ ಇಲ್ಲ" ಎಂದರು.

ಉಳಿದದ್ದು ಒಂದೇ ಸಲ, ದೀಪಾವಳಿಗೆ ಹನ್ನೊಂದು ದಿನ. ಊರಲ್ಲಿ ನನಗೆ ತಿಳಿಯದ ವಿಷಯ ಇರುವ ಒಬ್ಬ ಮನುಷ್ಯನನ್ನು ಹುಡುಕಿದೆ. ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರನ್ನು ವಿಚಾರಿಸಿದೆ, ಅವರ ಹೆಂಡತಿ ಆಗಲೇ ನನಗೆ ಎಲ್ಲ ಹೇಳಿಯಾಗಿತ್ತು. ಕೊನೆಗೆ ಜಗಲಿಯ ಮೇಲೆ ಉದ್ದಿನಬೇಳೆಯಲ್ಲಿ ಕಲ್ಲು ಹುಡುಕುತ್ತಾ, ಅಂದರೆ ಕಾಣದ ಕಲ್ಲನ್ನು ಕೈಯಲ್ಲಿ ತಡವುತ್ತಾ ಕೂತಿದ್ದ ಯಜಮಾನರ ಮೇಲೆ ಕಣ್ಣು ಬಿತ್ತು.

"ಏನ್ರೀ, ನೀವೇ ಬನ್ನಿ ಹಿಂದೆ" ಎಂದೆ.

"ನನ್ ಹತ್ರ ಏನಿದೆ ಹೇಳೋಕೆ" ಎಂದರು. ಅವರು ಆ ತಿಂಗಳಲ್ಲಿ ಆಡಿದ ಅತ್ಯಂತ ಉದ್ದದ ಮಾತು ಅದು.

ಸಂತೆ ಮೈದಾನದಲ್ಲಿ ಅಭ್ಯಾಸ ಮಾಡಿದೆವು. ಅವರು ಹಿಂದೆ ಕೂತು ಬಹಳ ಹೊತ್ತು ಯೋಚಿಸಿದರು. "ಬೆಳಿಗ್ಗೆ ಎರಡು ಸಲ ಸೀನಿದೆ" ಎಂದರು. ಗಾಡಿ ಎರಡು ಮೊಳ ಹೋಗಿ ನಿಂತಿತು. ಇನ್ನೂ ಸ್ವಲ್ಪ ಯೋಚಿಸಿ "ಮೂರನೇದು ಬರೋ ಹಾಗಾಗಿ ಬರ್ಲಿಲ್ಲ" ಎಂದರು. ಒಂದು ಗೇಣು ಹೋಯಿತು. ಮೂರು ದಿನ ಹೀಗೇ ಸೀನು, ಆಕಳಿಕೆ, ಮಂಡಿನೋವುಗಳಲ್ಲಿ ನಾವು ಮೈದಾನದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದೆವು. ನಾನು ಬೈದೆ, ಬೇಡಿಕೊಂಡೆ. "ನಿಮ್ಮ ಹೊಟ್ಟೇಲಿ ಇನ್ನೇನೂ ಇಲ್ವೇನ್ರೀ, ಒಬ್ಬ ಮನುಷ್ಯ ಐವತ್ತೈದು ವರ್ಷ ಬದುಕಿ ಸೀನಿದ್ದು ಬಿಟ್ರೆ ಇನ್ನೇನೂ ಮಾಡ್ಲೇ ಇಲ್ವಾ" ಎಂದೆ. ಅವರು ಟ್ಯಾಂಕು ಬಿಚ್ಚಿ ಎಲೆಅಡಿಕೆ ತೆಗೆದುಕೊಂಡರು.

ಪರೀಕ್ಷೆಯ ದಿನ ಬಯಲಿನ ಸುತ್ತ ಜಾತ್ರೆಗೆ ಸೇರಿದ ಹಾಗೆ ಜನ. ಸಿದ್ದಲಿಂಗಪ್ಪ ಮಾತಾಡುತ್ತಾನಂತೆ ಎಂದು ಮೇಲ್ಪೇಟೆಯಿಂದಲೂ ಇಳಿದು ಬಂದಿದ್ದರು. ಇನ್ಸ್‌ಪೆಕ್ಟರು ಈ ಸಲ ಮೇಜನ್ನು ವರಾಂಡದ ಮೇಲೆ ಹಾಕಿಸಿಕೊಂಡಿದ್ದರು, ಊಟದ ಡಬ್ಬಿ ಒಳಗೆ ಬೀರುವಿನಲ್ಲಿತ್ತು. ನಾನು ಯಜಮಾನರ ಹೆಲ್ಮೆಟ್ ಹಾಕಿಕೊಂಡು ಕೂತೆ. ಅವರು ಹಿಂದೆ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟರು. ಬೀದಿಯಲ್ಲಿ, ಹಗಲಿನಲ್ಲಿ, ಅದೇ ಮೊದಲು.

"ಮೂರು ನಿಮಿಷದೊಳಗೆ ಗಾಡಿ ಹೊರಡಬೇಕು" ಎಂದು ಇನ್ಸ್‌ಪೆಕ್ಟರು ಗಡಿಯಾರ ನೋಡಿದರು.

"ಹೇಳ್ರೀ" ಎಂದೆ.

ಒಂದು ನಿಮಿಷ ಹೋಯಿತು. "ಸೀನೋದಾದ್ರೂ ಸೀನ್ರೀ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಎರಡನೆಯ ನಿಮಿಷವೂ ಹೋಯಿತು. ನಲವತ್ತು ಮನೆ, ಇಪ್ಪತ್ತೇಳು ವರ್ಷದ ರುಬ್ಬುವ ಕಲ್ಲು, ಎಲ್ಲ ಪ್ಯಾಕೆಟ್ ಹಿಟ್ಟಿನ ಪಾಲಾಯಿತು ಎಂದು ನನ್ನ ಕಣ್ಣು ಮಂಜಾಯಿತು. ಆಗ ಬೆನ್ನ ಹಿಂದೆ ಗಂಟಲು ಕ್ಯಾಕರಿಸಿದ ಸದ್ದು.

"ನಂಗೆ ದೋಸೆ ಅಂದ್ರೆ ಆಗಲ್ಲ ಕಣೆ."

ಗಾಡಿ ಚಿಮ್ಮಿದ ರಭಸಕ್ಕೆ ನಾನು ಹಿಂದಕ್ಕೆ ವಾಲಿದೆ. ಸಾವರಿಸಿಕೊಂಡು ಮೊದಲ ತಿರುವು ತೆಗೆದುಕೊಳ್ಳುತ್ತಾ, "ಏನಂದ್ರಿ" ಎಂದೆ.

"ಹುಳಿ ಆಗಲ್ಲ. ಮೊದಲ ದಿನ ನೀನು ಹಾಕಿಕೊಟ್ಟಾಗ ಹೇಳೋಣ ಅಂದ್ಕೊಂಡೆ. ನಿನ್ನ ಮುಖ ನೋಡಿ ಸುಮ್ಮನಾದೆ. ಆಮೇಲೆ ಹೇಳೋ ಟೈಮು ಮೀರಿಹೋಯ್ತು."

ಇಪ್ಪತ್ತೇಳು ವರ್ಷ. ದಿನಕ್ಕೆ ನಾಲ್ಕು ದೋಸೆ, ಹಬ್ಬಕ್ಕೆ ಆರು. ಮೊದಲ ಸುತ್ತು ಯಾವಾಗ ಮುಗಿಯಿತೋ ನನಗೆ ತಿಳಿಯಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ನನ್ನದೇ ಮನೆಯ ಮಾತೊಂದು ನನಗೆ ಗೊತ್ತಿಲ್ಲದೆ ಇದ್ದೀತು ಎಂದು ನಾನು ಎಣಿಸಿರಲಿಲ್ಲ.

"ನಿಮ್ಮಣ್ಣ ಬಂದಾಗೆಲ್ಲ ನಂಗೆ ಜ್ವರ ಅಂತ ಮಲಗ್ತಿದ್ದೆನಲ್ಲ, ಜ್ವರ ಇರ್ತಿರಲಿಲ್ಲ" ಎಂದರು. ಗಾಡಿ ಇನ್ನೂ ಜೋರಾಯಿತು. "ನೀನೀಗ ಹಾಕ್ಕೊಂಡಿರೋ ಹೆಲ್ಮೆಟ್ಟಲ್ಲಿ ಕಿವಿ ಹತ್ರ ತೂತು ಇದೆಯಲ್ಲ, ಅದು ಇಲಿ ಕಡಿದಿದ್ದಲ್ಲ. ನಾನೇ ಕೊರೆದಿದ್ದು. ಗಾಳಿಗೆ ನಿನ್ನ ಮಾತು ಅರ್ಧ ಕೇಳಿಸ್ತಿರಲಿಲ್ಲ. ಗಾಡಿಗೆ ಕೇಳಿಸಿದ್ರೆ ಸಾಕಿತ್ತು. ನಂಗೂ ಕೇಳ್ಬೇಕು ಅನ್ನಿಸ್ತು."

ನಾನು ಎರಡನೆಯ ಸುತ್ತಿನ ನಡುವಿನಲ್ಲಿದ್ದೆ. ಸುಣ್ಣದ ಗೆರೆ ನನಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ, ಆದರೂ ಚಕ್ರ ಅದರ ಮೇಲೆಯೇ ಹೋಯಿತು ಎಂದು ನೋಡಿದವರು ಹೇಳಿದರು. ಎಂಟು ಮುಗಿಯಿತು. ಜನ ಕೂಗತೊಡಗಿದರು. ಇನ್ಸ್‌ಪೆಕ್ಟರು ವರಾಂಡದಿಂದ ಇಳಿದು ಬಿಳಿ ಗೆರೆಯ ಪಕ್ಕ ಬಂದು ನಿಂತು, ಇಲ್ಲಿ ನಿಲ್ಲಿಸಿ ಎಂದು ಕೈ ತೋರಿಸಿದರು. ಅವರ ಇನ್ನೊಂದು ಕೈಯಲ್ಲಿ ನನ್ನ ಕಾಗದ, ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿತ್ತು. ಇನ್ನು ಉಳಿದಿದ್ದು ಇಪ್ಪತ್ತು ಮಾರು. ಬ್ರೇಕಿನ ಮೇಲೆ ನನ್ನ ಕೈ ಇತ್ತು.

ಆಗ ಅವರು, "ಅವತ್ತು ನೀನು ಸಿಟ್ಟು ಮಾಡ್ಕೊಂಡು ತವರಿಗೆ ಹೋದ್ಯಲ್ಲ, ಹದಿನೆಂಟು ದಿನ" ಎಂದರು.

ಹೌದು, ಹೋಗಿದ್ದೆ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಯಿತು ಎಂದು ಸೀರೆ ಗಂಟು ಕಟ್ಟಿಕೊಂಡು ಹೋಗಿದ್ದೆ. ಕರೆಯಲು ಬರುತ್ತಾರೆ ಎಂದು ದಿನಾ ಬೀದಿ ನೋಡಿದೆ. ಬರಲಿಲ್ಲ. ಹದಿನೆಂಟನೆಯ ದಿನ ನಾನೇ ವಾಪಸು ಬಂದಾಗ ಈ ಮನುಷ್ಯ ಬಾಗಿಲು ತೆಗೆದು, "ಬಂದ್ಯಾ" ಎಂದಿದ್ದರು. ಅಷ್ಟೇ. ನಾನು ಇಲ್ಲದೆ ವ್ಯಾಪಾರ ಒಂದು ದಿನವೂ ನಿಂತಿರಲಿಲ್ಲ, ಹಿಟ್ಟು ನಲವತ್ತು ಮನೆಗೂ ಹೋಗಿತ್ತು. ನನ್ನ ಜಾಗಕ್ಕೆ ಯಾರನ್ನೋ ಕೂರಿಸಿಕೊಂಡು ಆರಾಮಾಗಿದ್ದರು ಎಂದು ಅವತ್ತು ನನ್ನ ಮನಸ್ಸಿಗೆ ಆದ ನೋವು ಇವತ್ತಿಗೂ ಹೋಗಿರಲಿಲ್ಲ. ಯಾರನ್ನು ಕೂರಿಸಿಕೊಂಡಿದ್ದಿರಿ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಇಡೀ ಊರಿನಲ್ಲಿ ನಾನು ವಿಚಾರಿಸದೆ ಬಿಟ್ಟ ಸುದ್ದಿ ಅದೊಂದೇ.

"ಆ ಹದಿನೆಂಟು ದಿನ ನಾನು" ಎಂದು ಅವರು ಶುರು ಮಾಡಿದಾಗ ಬಿಳಿ ಗೆರೆ ಐದು ಮಾರು ದೂರದಲ್ಲಿತ್ತು.

ಬ್ರೇಕು ಹಿಡಿದರೆ ಲೈಸೆನ್ಸು. ಗಾಡಿ ನಿಂತರೆ ಈ ಬಾಯಿ ಮತ್ತೆ ತೆರೆಯುತ್ತದೆ ಎಂದು ಯಾವ ಭರವಸೆ. ಇಪ್ಪತ್ತೇಳು ವರ್ಷಕ್ಕೊಮ್ಮೆ ಬಂದಿದೆ. ಇನ್ನೊಂದು ಇಪ್ಪತ್ತೇಳು ವರ್ಷ ಕಾಯುವಷ್ಟು ಆಯುಸ್ಸು ನಮ್ಮಿಬ್ಬರಿಗೂ ಇಲ್ಲ. ನಾನು ಬ್ರೇಕಿನಿಂದ ಬೆರಳು ತೆಗೆದೆ.

ಇನ್ಸ್‌ಪೆಕ್ಟರು ಪಕ್ಕಕ್ಕೆ ಹಾರಿಕೊಂಡರು. ನಾವು ಬಿಳಿ ಗೆರೆ ದಾಟಿ, ಗೇಟು ದಾಟಿ, ಹೊಂಗೆ ಮರದ ಕೆಳಗೆ ಬಾಯಿ ತೆರೆದುಕೊಂಡು ನಿಂತ ಕರಿಯಣ್ಣನನ್ನು ದಾಟಿ, ದೊಡ್ಡಪೇಟೆಯಲ್ಲಿ ಹೊರಟೆವು.

"ಹೇಳ್ರೀ, ಆ ಹದಿನೆಂಟು ದಿನ ನೀವು ಏನು" ಎಂದೆ.

"ತಳ್ಕೊಂಡು ಹೋದೆ" ಎಂದರು.

ಬೈಕು ಗುಡ್ಡದ ರಸ್ತೆಗೆ ತಾನಾಗಿಯೇ ತಿರುಗಿತೋ, ನಾನೇ ತಿರುಗಿಸಿದೆನೋ.

"ಕೂರ್ತೀವಿ ಅಂತ ಬೇಕಾದಷ್ಟು ಜನ ಬಂದ್ರು. ಕರಿಯಣ್ಣನೂ ಬಂದ. ಬೇಡ ಅಂದೆ. ಅದು ಅವಳು ಕೂರೋ ಜಾಗ, ಖಾಲಿ ಇರ್ಲಿ ಅಂದೆ. ನಾಕು ಗಂಟೆಗೆ ಎದ್ದು, ಯಾರಿಗೂ ಕಾಣಬಾರದು ಅಂತ ಸ್ಮಶಾನದ ಹಿಂದಿನ ಓಣೀಲಿ ತಳ್ಕೊಂಡು ಹತ್ತಿಸ್ತಿದ್ದೆ. ಬಾಗಿಲಲ್ಲಿ ಹಿಟ್ಟು ಇಟ್ಟು ಬರ್ತಿದ್ದೆ. ಹತ್ತನೇ ದಿನ ಕ್ಯಾನು ಉರುಳ್ತು. ಅಲ್ಲೇ ಕೂತ್ಕೊಂಡು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮನೆಗೆ ಬಂದು ಮತ್ತೆ ರುಬ್ಬಿದೆ."

"ಕರೆಯೋಕೆ ಯಾಕೆ ಬರ್ಲಿಲ್ಲ."

"ಬಂದಿದ್ದೆ. ಗಾಡಿ ತಳ್ಕೊಂಡು ನಿಮ್ಮೂರ ಸೇತುವೆ ತನಕ ಬಂದೆ, ಎರಡು ಸಲ. ಬಂದು ಏನು ಹೇಳೋದು ಅಂತ ಗೊತ್ತಾಗ್ಲಿಲ್ಲ, ವಾಪಸು ಹೋದೆ. ನೀನು ಬಂದ ದಿನ ಬಾಗಿಲು ತೆಗೆದಾಗಲೂ ಹೇಳೋಣ ಅಂತ ಬಾಯಿ ತೆಗೆದೆ. ಬಂದ್ಯಾ ಅನ್ನೋದಷ್ಟೇ ಬಂತು."

ಗುಡ್ಡದ ನೆತ್ತಿಯ ಅರಳಿಕಟ್ಟೆಯ ಮುಂದೆ ಅವರ ಮಾತು ಮುಗಿಯಿತು, ಗಾಡಿ ನಿಂತಿತು. ನಾನು ಇಳಿದು ಹೆಲ್ಮೆಟ್ ತೆಗೆದೆ. ಅತ್ತದ್ದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಕಟ್ಟೆಯ ಮೇಲೆ ಕೂತು ಚೆನ್ನಾಗಿ ಅತ್ತೆ. ಸೇತುವೆ ನಮ್ಮ ತವರುಮನೆಯ ಜಗಲಿಗೆ ಕಾಣಿಸುತ್ತದೆ. ನಾನು ಬೀದಿಯಲ್ಲಿ ಗಾಡಿಗಳು ಬರುವ ತುದಿಯನ್ನು ನೋಡುತ್ತಿದ್ದೆ, ನಡೆದು ಬರುವವರ ಸೇತುವೆಯ ತುದಿಯನ್ನು ನೋಡಿರಲಿಲ್ಲ. ಅವರು ಪಕ್ಕದಲ್ಲಿ ಕೂತು, ನನ್ನ ಮುಖ ಸರಿಯಾಗಿ ಕಾಣದೆ, "ನಗ್ತಿದ್ಯಾ ಅಳ್ತಿದ್ಯಾ" ಎಂದು ಕೇಳಿದರು. "ಹೂಂ" ಎಂದೆ.

ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ಜವಾನನ ಸ್ಕೂಟರಿನ ಹಿಂದೆ ಕೂತು ಹೊರಟಿದ್ದರಂತೆ. "ಮಂಗ್ಳಕ್ಕ ಫೇಲು" ಎಂಬ ಸುದ್ದಿ ಗುಡ್ಡದ ಬುಡದ ತನಕ ಮಾತ್ರ ಸಾಕಾಯಿತು, ಅಲ್ಲಿಂದ ನಡೆದೇ ಬರಬೇಕಾಯಿತು.

"ಎಂಟು ಹಾಕಿದ್ರಿ, ಕಾಲು ಊರ್ಲಿಲ್ಲ. ನನ್ನ ಸರ್ವೀಸಲ್ಲೇ ಅಂಥ ಎಂಟು ನೋಡಿಲ್ಲ" ಎಂದರು. "ಗೆರೇಲಿ ನಿಲ್ಲಿಸಿದ್ರೆ ಆಗ್ತಿತ್ತಲ್ಲ ತಾಯಿ. ಇನ್ನು ಏಳು ವರ್ಷ ನಾನೇನೂ ಮಾಡೋ ಹಾಗಿಲ್ಲ."

"ಆಗ್ಲಿ ಸಾರ್" ಎಂದೆ. ಅವರು ನಾನು ಜಗಳ ಮಾಡುತ್ತೇನೆ ಎಂದುಕೊಂಡು ಸಿದ್ಧರಾಗಿ ಬಂದಿದ್ದರು. ನಮ್ಮ ಟ್ಯಾಂಕಿನಿಂದ ಒಂದು ಎಲೆಅಡಿಕೆ ಹಾಕಿಕೊಂಡು ಇಳಿದು ಹೋದರು.

ಮಾರನೆಯ ಬೆಳಿಗ್ಗೆ ಬೈಕಿಗೆ ಕ್ಯಾನುಗಳನ್ನು ನೇತುಹಾಕಿದೆವು. ನಾನು ಹ್ಯಾಂಡಲ್ ಹಿಡಿದೆ, ಅವರು ಹಿಂದಿನಿಂದ ತಳ್ಳಿದರು. ಸ್ಮಶಾನದ ಓಣಿಯಲ್ಲಿ ಅಲ್ಲ, ಹಾಡುಹಗಲು ದೊಡ್ಡಪೇಟೆಯ ನಡುವಿನಲ್ಲೇ. ಊರಿಗೆ ಊರೇ ಬಾಗಿಲಿಗೆ ಬಂತು. "ಅಯ್ಯೋ ಪಾಪ, ಮಾತು ಬಿಟ್ಟಿದ್ದಾರೆ" ಎಂದು ಯಾರೋ ಅಂದರು. ಆಮೇಲೆ ಹತ್ತಿರ ಬಂದು ನೋಡಿದರೆ ಸಿದ್ದಲಿಂಗಪ್ಪನವರು ಒಂದೇ ಸಮನೆ ಮಾತಾಡುತ್ತಿದ್ದಾರೆ. ಸೀಟಿನ ಮೇಲೆ ಕೂತು ಆಡಿದರೆ ಗಾಡಿ ಓಡುವಂಥ ಮಾತುಗಳನ್ನು ನೆಲದ ಮೇಲೆ ನಡೆಯುತ್ತಾ ಆಡಿ ಹಾಳು ಮಾಡುತ್ತಿದ್ದಾರೆ. ಇದನ್ನು ಏನೆಂದು ಕರೆಯಬೇಕೆಂದು ಊರಿಗೆ ತಿಳಿಯಲಿಲ್ಲ. ದಾಕ್ಷಾಯಣಿ ನಮಗೆ ದೃಷ್ಟಿ ತೆಗೆಸಬೇಕು ಎಂದಳು.

ಬೈಕು ತಳ್ಳಿಕೊಂಡು ಮೇಲ್ಪೇಟೆ ಸುತ್ತಿ ಮುಗಿಸುವ ಹೊತ್ತಿಗೆ ಈಗ ಬೆಳಿಗ್ಗೆ ಒಂಬತ್ತು ಗಂಟೆಯಾಗುತ್ತದೆ. ಅದೂ ತಡವಾಯಿತು ಎಂದು ಮೂರು ಮನೆಯವರು ಪ್ಯಾಕೆಟ್ ಹಿಟ್ಟಿಗೆ ಹೋದರು, ಹೋಗಲಿ. ಮೂವತ್ತೇಳು ಮನೆಯವರು ಕಾಯುತ್ತಾರೆ, ಹಿಟ್ಟಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ. ನಾನು ಹಿಟ್ಟು ಅಳೆಯುವಾಗ ಹತ್ತಿರ ಬಂದು, "ಯಜಮಾನ್ರು ದಾರಿ ಉದ್ದಕ್ಕೂ ಏನು ಹೇಳ್ತಾರೆ ಮಂಗಳಕ್ಕ" ಎಂದು ಕೇಳುತ್ತಾರೆ. ತಮ್ಮ ಮನೆಯ ಒಳ್ಳೊಳ್ಳೆಯ ಸುದ್ದಿಯನ್ನೆಲ್ಲ ಮುಂದಿಟ್ಟು ಆಸೆ ತೋರಿಸುತ್ತಾರೆ. ಕರಿಯಣ್ಣನಂತೂ ಒಂದು ಮಾತು ಕೊಟ್ಟರೆ ಸಾಕು, ಆರು ಜನಕ್ಕೆ ಲೈಸೆನ್ಸು ಕೊಡಿಸುತ್ತೇನೆ ಎಂದು ಮನೆಬಾಗಿಲಿಗೇ ಬಂದಿದ್ದ. ಇಪ್ಪತ್ತೇಳು ವರ್ಷ ಇವರ ಮನೆಯದನ್ನು ಅವರಿಗೆ, ಅವರ ಮನೆಯದನ್ನು ಇವರಿಗೆ ಹೇಳಿಕೊಂಡು ಬಂದವಳು ನಾನು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಏನಿಲ್ಲ ಕಣೋ, ಸುಮ್ನೆ ಏನೋ ಹೇಳ್ತಿರ್ತಾರೆ" ಎಂದು ಕಳಿಸಿದೆ.

ನಿಮಗೂ ಹೇಳಿದ್ದು ಮೊದಲ ದಿನದ್ದು ಮಾತ್ರ. ಉಳಿದದ್ದನ್ನು ಕೇಳಬೇಡಿ, ಅದು ನನಗೆ ಬೇಕು.